ಅರಳುಮರಳಲ್ಲ, ಕಾಯಿಲೆ

‘ಅರವತ್ತಕ್ಕೆ ಅರಳುಮರಳು’ ಎಂದು ನಾವೆಲ್ಲ ನಕ್ಕುಬಿಡುತ್ತೇವೆ. ನಾನೂ ನಕ್ಕವನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿದ ನಮ್ಮಪ್ಪ, ಊಟ ಮುಗಿಸಿ ಕೈತೊಳೆದು ಬಂದು “ಇನ್ನೂ ಎಲೆ ಹಾಕಿಲ್ಲವೇ?” ಎಂದು ಕೇಳಿದಾಗ ನಗು ಬಂತು. ನಾಲ್ಕನೆಯ ಸಲ ಕೇಳಿದಾಗ ಗದರಿಬಿಟ್ಟೆ. ಅವರು ತಪ್ಪು ಮಾಡಿದ ಹುಡುಗನಂತೆ ತಲೆ ತಗ್ಗಿಸಿದರು. ಪಿಯುಸಿ ಓದುವ ಮಗಳು, “ತಾತ ಬೇಕೂಂತ ಮರೀತಾರಾ ಅಪ್ಪಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನವೇ ನರರೋಗ ತಜ್ಞರಲ್ಲಿಗೆ ಕರೆದೊಯ್ದೆ.

ಥೈರಾಯ್ಡ್ ತೊಂದರೆಯಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು; ಅದಕ್ಕೆ ಮದ್ದಿದೆ. ಅಪ್ಪನ ರಕ್ತಪರೀಕ್ಷೆಯಲ್ಲಿ ಅವೆರಡೂ ಸರಿಯಿದ್ದವು. ಸ್ಕ್ಯಾನಿನಿಂದಲೂ ಖಚಿತವಾಗಲಿಲ್ಲ. ಬೆನ್ನಿನಿಂದ ದ್ರವ ತೆಗೆದು ನೋಡೋಣ ಎಂದರು ವೈದ್ಯರು. ಅಮ್ಮ ಗಾಬರಿಯಾದರು: “ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತಂತೆ!”

“ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದಮ್ಮ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಕೆಲವರಿಗೆ ತಲೆನೋವು ಬರಬಹುದು, ಅಷ್ಟೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಊರುತ್ತದೆ. ನಾವು ತೆಗೆಯುವುದು 10.”

ಸುಮ್ಮನೆ ಕುಳಿತಿದ್ದ ಅಪ್ಪ ತಟ್ಟನೆ, “ಹಾಗಾದರೆ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ” ಎಂದರು. ಲೆಕ್ಕ ಸರಿಯಾಗಿತ್ತು. ಅಂದು ಬೆಳಿಗ್ಗೆ ಅವರು ಮೊಮ್ಮಗಳ ಹೆಸರು ಮರೆತಿದ್ದರು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಈ ಕಾಯಿಲೆಯ ಗುರುತುಗಳನ್ನು ವಿವರಿಸಿದ್ದು, ತೀರಿಕೊಂಡ ಹೆಂಗಸೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಬದುಕಿರುವವರಲ್ಲಿ ಆ ಗುರುತುಗಳ ಸುಳಿವು ಬೆನ್ನಿನ ದ್ರವದಲ್ಲಿ ಸಿಗುತ್ತದೆಂದು ತಿಳಿದದ್ದು 1990ರ ದಶಕದಲ್ಲಿ. ಅಮಿಲಾಯ್ಡ್ ಬೀಟಾ 42 ಎಂಬ ಪ್ರೋಟೀನು ಮಿದುಳಿನಲ್ಲಿ ಗಂಟುಕಟ್ಟಿ ಕೂತಾಗ ದ್ರವದಲ್ಲಿ ಕಡಿಮೆಯಾಗುತ್ತದೆ. ಹೂಳು ಕೆರೆಯಲ್ಲೇ ನಿಂತರೆ ತೂಬಿನ ನೀರಿನಲ್ಲಿ ಮಣ್ಣು ಕಡಿಮೆಯಾಗುವುದಿಲ್ಲವೇ, ಹಾಗೆ. ನರಕೋಶಗಳೊಳಗಿರುವ ಟಾವ್ ಎಂಬ ಇನ್ನೊಂದು ಪ್ರೋಟೀನು ಮಾತ್ರ ದ್ರವದಲ್ಲಿ ಹೆಚ್ಚುತ್ತದೆ. ಅಪ್ಪನ ವರದಿಯಲ್ಲಿ ಮೊದಲನೆಯದು ಇಳಿದಿತ್ತು, ಎರಡನೆಯದು ಏರಿತ್ತು.

ಇದನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಆದರೂ ಕಾಯಿಲೆಯ ಹೆಸರು ತಿಳಿದ ಮೇಲೆ ನಮ್ಮ ಮನೆ ಬದಲಾಯಿತು. ಬ್ಯಾಂಕಿನ ಕಾಗದಪತ್ರಗಳನ್ನು ಅಪ್ಪ, ತಿಳಿವು ಇರುವಾಗಲೇ, ತಾವೇ ಕೂತು ಸರಿಪಡಿಸಿದರು. ಮಾತ್ರೆಯ ಹೊತ್ತನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ನಾನು ಗದರುವುದನ್ನು ಬಿಟ್ಟೆ.

ಈ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಆದರೆ ನಿಮ್ಮ ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ, ವಯಸ್ಸಾಯಿತೆಂದು ಕೈಬಿಡದೆ ಒಮ್ಮೆ ವೈದ್ಯರಿಗೆ ತೋರಿಸಿ.

ಈಗಲೂ ಅಪ್ಪ “ಎಲೆ ಹಾಕಿಲ್ಲವೇ?” ಎನ್ನುತ್ತಾರೆ. ಮಗಳು ಒಂದು ಬಾಳೆಹಣ್ಣು ಸುಲಿದು ಕೊಟ್ಟು, ತನ್ನ ಪುಸ್ತಕದಿಂದ ಒಂದು ಲೆಕ್ಕ ಕೇಳುತ್ತಾಳೆ. ಅಪ್ಪ ಇನ್ನೂ ತಪ್ಪಿಲ್ಲ.