ನೀರಿನ ನಡುವಣ ನುಡಿ

ಊರುಗಳ ಹೆಸರನ್ನು ನಾವು ದಿನವೂ ಉಚ್ಚರಿಸುತ್ತೇವೆ; ಅವನ್ನು ಮೊದಲು ಇಟ್ಟವರು ಯಾರೆಂದು ವಿಚಾರಿಸುವುದು ಅಪೂರ್ವ. ಇಟ್ಟವರ ನುಡಿ ಅಡಗಿದ ಮೇಲೂ ಹೆಸರು ಉಳಿಯುವುದುಂಟು. ಜರ್ಮನಿ ದೇಶದ ಲೇಡೆ ಎಂಬ ಜೌಗುನೆಲದ ಹಳ್ಳಿಯನ್ನು ಕಂಡಂದಿನಿಂದ ಈ ವಿಚಾರವು ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ.

ಬರ್ಲಿನ್ ನಗರದ ಆಗ್ನೇಯಕ್ಕೆ, ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಲ್ಯೂಬೆನೌ ಎಂಬ ಪಟ್ಟಣವಿದೆ. ಲೇಡೆ ಅದಕ್ಕೆ ಸೇರಿದ ಹಳ್ಳಿ. ಅಲ್ಲಿ ಶ್ಪ್ರೇ ನದಿಯು ಇಳಿಜಾರಿಲ್ಲದ ಸಪಾಟು ನೆಲವನ್ನು ಹೊಕ್ಕು, ದಾರಿ ಕಾಣದವಳಂತೆ ನೂರಾರು ಕವಲುಗಳಾಗಿ ಒಡೆದು ಹರಡಿಕೊಳ್ಳುವಳು. ಜರ್ಮನರು ಈ ಪ್ರದೇಶವನ್ನು ಶ್ಪ್ರೇವಾಲ್ಡ್, ಅಂದರೆ ಶ್ಪ್ರೇ ನದಿಯ ಕಾಡು, ಎನ್ನುವರು. ಅಲ್ಲಿಯ ಹಳೆಯ ನಿವಾಸಿಗಳಾದ ಸೋರ್ಬರು ಇದನ್ನು ಬ್ವೋತಾ ಎನ್ನುವರು. ಆ ಮಾತಿಗೆ ಜೌಗು ಎಂದೇ ಅರ್ಥ.

ಸೋರ್ಬರು ಸ್ಲಾವ ಜನಾಂಗದವರು. ಪೋಲರಿಗೂ ಚೆಕ್ಕರಿಗೂ ದಾಯಾದಿಗಳು. ಜರ್ಮನರು ಅವರನ್ನು ವೆಂಡರೆಂದೂ ಕರೆಯುವರು. ಅವರ ಪೂರ್ವಿಕರು 6-7ನೆಯ ಶತಮಾನಗಳಲ್ಲಿ ಪೂರ್ವದಿಂದ ಈ ಸೀಮೆಗೆ ಬಂದರು. 10ನೆಯ ಶತಮಾನದಲ್ಲಿ ಜರ್ಮನ್ ಪ್ರಭುಗಳು ಸೀಮೆಯನ್ನು ಗೆದ್ದರು. ಆದರೆ ಕೆಸರನ್ನು ಗೆಲ್ಲುವುದು ಅಷ್ಟು ಸುಲಭವಾಗಿರಲಿಲ್ಲ. ನೀರಿನ ನಡುವೆ ತಲೆಯೆತ್ತಿದ ಮರಳು ದಿಬ್ಬಗಳ ಮೇಲೆ ಮರದ ದಿಮ್ಮಿಗಳ ಮನೆಗಳನ್ನು ಕಟ್ಟಿಕೊಂಡು ಜನರು ಬಾಳಿದರು. ಆ ಮನೆಗಳ ಮಾಡಿನ ತುದಿಯಲ್ಲಿ ಕಿರೀಟ ಧರಿಸಿದ ಎರಡು ಹಾವುಗಳ ಹೆಡೆಗಳನ್ನು ಮರದಲ್ಲಿ ಕೆತ್ತಿರುವರು. ಮನೆಯನ್ನು ಸರ್ಪರಾಜನು ಕಾಯುವನೆಂಬುದು ಅವರ ನಂಬಿಕೆ.

ಲೇಡೆಗೆ 1929ರ ವರೆಗೂ ದೋಣಿಯಲ್ಲದೆ ಬೇರೆ ದಾರಿಯಿರಲಿಲ್ಲ. ಹುಲ್ಲು ಬಂದುದು ದೋಣಿಯಲ್ಲಿ, ಹಸು ಬಂದುದು ದೋಣಿಯಲ್ಲಿ. ಮದುಮಗಳು ಅತ್ತೆಯ ಮನೆಗೆ ಹೋದುದೂ ಹಿರಿಯರ ಶವವು ಊರು ಬಿಟ್ಟುದೂ ದೋಣಿಯಲ್ಲಿಯೇ. ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿದರೆ ಜಾರುಬಂಡಿಯೇ ಗತಿ. 1897ರಿಂದ ಅಂಚೆಯೂ ದೋಣಿಯೇರಿ ಬರುತ್ತಿದೆ; ಬೇಸಗೆಯ ತಿಂಗಳುಗಳಲ್ಲಿ ಇಂದಿಗೂ ಅಂಚೆಯಾಕೆ ಉದ್ದ ಗಳುವನ್ನು ಊರಿ ದೋಣಿ ನಡೆಸುತ್ತ ಮನೆಮನೆಗೆ ಕಾಗದ ಹಂಚುವಳು. 1859ರಲ್ಲಿ ಈ ಸೀಮೆಗೆ ಬಂದ ಫೊಂಟಾನೆ ಎಂಬ ಜರ್ಮನ್ ಸಾಹಿತಿಯು ಲೇಡೆಯನ್ನು ಕಂಡು ವೆನಿಸ್ ನಗರವನ್ನು ನೆನೆದನು. 1866ರಲ್ಲಿ ಲ್ಯೂಬೆನೌಗೆ ರೈಲು ಬಂದಿತು. ಅದರ ಹಿಂದೆಯೇ ಪ್ರವಾಸಿಗಳೂ ಬಂದರು.

ನೀರು ಕಾಪಾಡಿದ ನುಡಿಯನ್ನು ಶಾಲೆಯೂ ಆಳ್ವಿಕೆಯೂ ಕರಗಿಸಿದುವು. 1815ರಲ್ಲಿ ಈ ಸೀಮೆ ಪ್ರಷ್ಯದ ಪಾಲಾದ ಮೇಲೆ ಪಾಠಶಾಲೆಯಿಂದಲೂ ಇಗರ್ಜಿಯಿಂದಲೂ ಸೋರ್ಬಿ ಭಾಷೆಯು ಮೆಲ್ಲಮೆಲ್ಲನೆ ಹೊರಬಿದ್ದಿತು. ನಾಜಿಗಳು 1937ರಲ್ಲಿ ಸೋರ್ಬರ ಸಂಘವಾದ ದೊಮೊವಿನಾವನ್ನು ಮುಚ್ಚಿಸಿದರು. ಹಳ್ಳಿಗಳ ಹೆಸರನ್ನು ಸಹ ಬದಲಾಯಿಸಿದರು. ಯುದ್ಧಾನಂತರ ಹಕ್ಕುಗಳು ಮರಳಿದುವು. ಆದರೆ ನೆಲದಡಿಯ ಕಂದು ಕಲ್ಲಿದ್ದಲಿಗಾಗಿ ಸುತ್ತಣ ಸೀಮೆಯಲ್ಲಿ ನೂರಕ್ಕೆ ಮಿಕ್ಕಿದ ಹಳ್ಳಿಗಳು ಪೂರ್ತಿಯಾಗಿಯೋ ಭಾಗಶಃವೋ ಇಲ್ಲವಾದುವು. ಇಂದು ಈ ಭಾಗದ ಕೆಳ ಸೋರ್ಬಿಯನ್ನು ಬಲ್ಲವರು ಕೆಲವೇ ಸಾವಿರ. ಅವರಲ್ಲಿ ಹೆಚ್ಚಿನವರು ವೃದ್ಧರು.

ಇಷ್ಟಾದರೂ ಆ ನುಡಿ ಅಡಗಿಕೊಂಡಿರುವ ಸ್ಥಳವೊಂದುಂಟು. ಅದು ಅಡಿಗೆಮನೆ. ಲೇಡೆಯಲ್ಲಿ ನಮಗೆ ಬಡಿಸಿದುದು ಬೇಯಿಸಿದ ಆಲೂಗಡ್ಡೆ, ಹಿಂಡಿದ ಮೊಸರಿನಂತಹ ಕ್ವಾರ್ಕ್, ಅಗಸೆ ಎಣ್ಣೆ, ಉಪ್ಪಿನಲ್ಲಿ ಹುಳಿಯೇರಿಸಿದ ಸೌತೆಕಾಯಿ. ಕ್ವಾರ್ಕ್ ಎಂಬುದು ಸ್ಲಾವ ಪದ. ಸೌತೆಗೆ ಜರ್ಮನರು ಹೇಳುವ ಗುರ್ಕೆ ಎಂಬುದೂ ಸ್ಲಾವರಿಂದ ಬಂದುದೇ. ಮರಳು ದಿಬ್ಬಕ್ಕೆ ಅಲ್ಲಿಯ ಜರ್ಮನರು ಕೌಪೆ ಎನ್ನುವರು. ಅದು ದ್ವೀಪವೆಂಬ ಅರ್ಥದ ಸೋರ್ಬಿ ಮಾತು. ಬರ್ಲಿನ್ ಎಂಬ ಹೆಸರಿನ ಮೂಲವೇ ಜೌಗನ್ನು ಸೂಚಿಸುವ ಸ್ಲಾವ ಶಬ್ದವೆಂದು ಪಂಡಿತರ ಮತ.

ನನ್ನ ಮಗಳು ಆ ಬರ್ಲಿನ್ನಿನಲ್ಲಿಯೇ ಸಂಸಾರ ಹೂಡಿರುವಳು. ಅವಳ ಮಗನಿಗೆ ಏಳು ವರುಷ. ನಾನು ಕನ್ನಡದಲ್ಲಿ ಕೇಳಿದುದೆಲ್ಲ ಅವನಿಗೆ ಅರ್ಥವಾಗುವುದು. ಉತ್ತರ ಮಾತ್ರ ಜರ್ಮನಿನಲ್ಲಿ. ಅವನ ಬಾಯಿಯಲ್ಲಿ ಉಳಿದ ಕನ್ನಡವೆಂದರೆ ಅನ್ನ, ಸಾರು, ಮೊಸರು, ಅಜ್ಜಿ. ಲೇಡೆಯ ಆ ಊಟದ ಮುಂದೆ ಕುಳಿತಾಗ ನನಗೆ ತುತ್ತು ಇಳಿಯದೆ ಹೋಯಿತು. ತಿನಿಸಿನ ಹೆಸರುಗಳೇ ಒಂದು ಭಾಷೆಯ ಕೊನೆಯ ನಿಲ್ದಾಣವೋ ಏನೋ!

ಆದರೆ ಸೋರ್ಬರು ಕೈಚೆಲ್ಲಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಕಾಟ್‌ಬುಸ್ ಪಟ್ಟಣದಲ್ಲಿ 1952ರಲ್ಲಿ ಅವರ ನುಡಿಯ ಪ್ರೌಢಶಾಲೆ ಸ್ಥಾಪಿತವಾಯಿತು. 1998ರಲ್ಲಿ ಅಲ್ಲಿಗೆ ಸೇರಿದ ಜೀಲೊ ಎಂಬಲ್ಲಿ ಒಂದು ಶಿಶುವಿಹಾರವು ಹೊಸ ಪ್ರಯೋಗವನ್ನು ಆರಂಭಿಸಿತು. ಅಲ್ಲಿಯ ಉಪಾಧ್ಯಾಯಿನಿಯರು ಮಕ್ಕಳೊಡನೆ ಸೋರ್ಬಿಯಲ್ಲಿಯೇ ಮಾತನಾಡುವರು. ಆಟ, ಊಟ, ಗದರಿಕೆ, ಮುದ್ದು ಎಲ್ಲವೂ ಅದರಲ್ಲಿಯೇ. ತಂದೆತಾಯಿಗಳು ಮರೆತ ನುಡಿಯನ್ನು ಮಕ್ಕಳು ಮನೆಗೆ ಹೊತ್ತು ತರಲೆಂದು ಈ ಉಪಾಯ. ಅದಕ್ಕೆ ಅವರಿಟ್ಟ ಹೆಸರು ವಿತಾಯ್, ಅಂದರೆ ಸುಸ್ವಾಗತ.

ಸೋದರಿಯರೆ, ರಾಜರೂ ಶಾಸನಗಳೂ ಭಾಷೆಯನ್ನು ಬೆಳೆಸಬಲ್ಲರು, ಬಾಡಿಸಬಲ್ಲರು. ಆದರೆ ಅದು ಹುಟ್ಟುವುದು ಬಟ್ಟಲು ಹಿಡಿದು ಮಗುವಿನ ಹಿಂದೆ ಓಡಾಡುವ ತಾಯಿಯ ಬಾಯಿಯಲ್ಲಿ. ಮೊಸರಿಗೆ ಹೆಸರು ಕಲಿಸಿದವಳು ಮೊಸರಿನ ಮೇಲೊಂದು ಕಥೆಯನ್ನೂ ಹೇಳಿದರೆ, ನಾಮಪದದ ಬೆನ್ನಿಗೆ ಕ್ರಿಯಾಪದವೂ ಬರುವುದು. ಈಗ ನಾನು ಭಾನುವಾರಗಳಂದು ಮೊಮ್ಮಗನಿಗೆ ದೂರವಾಣಿಯಲ್ಲಿ ಕಥೆ ಹೇಳುತ್ತೇನೆ. ಕಳೆದ ವಾರ ಅವನು ನಡುವೆ ತಡೆದು, "ಆಮೇಲೆ?" ಎಂದನು. ಒಂದೇ ಮಾತು, ಆದರೂ ಅದು ತಿನ್ನುವ ಪದಾರ್ಥದ ಹೆಸರಲ್ಲ.