ಹೂತೇರಿನ ಬೀದಿಯಿಂದ ಗುಲಾಬಿ ಬೋಗುಣಿಗೆ: ಪ್ಯಾಸಡೀನಾಕ್ಕೆ ಹೊರಡೋಣವೇ?

ಹಾಲಿವುಡ್ ಅಂದ ಕೂಡಲೇ ಚಿತ್ರರಸಿಕರ ಕಣ್ಣ ಮುಂದೆ ಬರೋದು ಗುಡ್ಡದ ಮೇಲಿನ ಆ ಬಿಳಿ ಅಕ್ಷರಗಳು, ಸ್ಟುಡಿಯೋಗಳು, ತಾರೆಯರ ಬಂಗಲೆಗಳು. ಆದರೆ ಅಲ್ಲಿಗೆ ಹತ್ತಿರದಲ್ಲೇ, ಲಾಸ್ ಏಂಜಲೀಸ್ ನಗರದ ಈಶಾನ್ಯಕ್ಕೆ, ಪ್ಯಾಸಡೀನಾ ಅಂತ ಒಂದು ಊರಿದೆ. ಹೊಸ ವರ್ಷದ ದಿನ ಅಲ್ಲೊಂದು ಭರ್ಜರಿ ಷೋ ನಡೆಯುತ್ತೆ. ಕುದುರೆಗಳಿವೆ, ಬ್ಯಾಂಡಿದೆ, ಕ್ಯಾಮೆರಾಗಳಿವೆ, ಸುಮಾರು 90 ಸಾವಿರ ಜನ ಹಿಡಿಸುವ ಬಯಲು ಮೈದಾನವಿದೆ. ರೀಟೇಕ್ ಮಾತ್ರ ಇಲ್ಲ! ಅದೇ ರೋಸ್ ಬೌಲ್, ಅಮೆರಿಕದ ಕಾಲೇಜು ಫುಟ್‌ಬಾಲಿನ ಅತಿ ಹಳೆಯ ಬೌಲ್ ಪಂದ್ಯ.

ಗುಲಾಬಿ ಬೋಗುಣಿ ಅಂತ ಅನುವಾದ ಮಾಡಿ ನಗಬೇಡಿ. 1922ರಲ್ಲಿ ಕಟ್ಟಿದ ಈ ಕ್ರೀಡಾಂಗಣಕ್ಕೆ ಇಟ್ಟ ಹೆಸರೇ ರೋಸ್ ಬೌಲ್. ಆಮೇಲೆ ಬೇರೆ ಊರಿನವರೂ ತಮ್ಮ ತಮ್ಮ ಪಂದ್ಯಕ್ಕೆ ಬೌಲ್ ಅಂತಲೇ ಕರೆದುಕೊಂಡರು. ಇಲ್ಲಿ ಆಡೋದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಎಸೆಯಬೇಕು. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಗಡಿಯಾರದ ಲೆಕ್ಕಕ್ಕೆ 60 ನಿಮಿಷದ ಆಟ, ಆದರೆ ಮುಗಿಯುವಷ್ಟರಲ್ಲಿ ಮೂರು ಗಂಟೆ ದಾಟುತ್ತೆ. ಇಂಟರ್‌ವಲ್ ಸಹಿತ ಹಿಂದಿ ಸಿನಿಮಾ ಇದ್ದ ಹಾಗೆ!

ಮೈದಾನದಿಂದ ತೆರೆಗೆ ಜಿಗಿದ ಹೀರೋ

ಸಿನಿಮಾದವರಿಗೂ ಈ ಮೈದಾನಕ್ಕೂ ಹಳೆಯ ನಂಟು. ಹೆರಾಲ್ಡ್ ಲಾಯ್ಡ್ 1925ರ 'ದಿ ಫ್ರೆಷ್‌ಮನ್' ಚಿತ್ರದ ಫುಟ್‌ಬಾಲ್ ದೃಶ್ಯಗಳಿಗೆ ಓಡಿದ್ದು ಇದೇ ಹುಲ್ಲಿನ ಮೇಲೆ.

ಅದಕ್ಕಿಂತ ಸ್ವಾರಸ್ಯ ಜಾನಿ ಮ್ಯಾಕ್ ಬ್ರೌನ್ ಕಥೆ. 1926ರ ಜನವರಿ 1ರಂದು ಅಲಬಾಮಾ ತಂಡ ರೈಲಿನಲ್ಲಿ ದೇಶವನ್ನೇ ಅಡ್ಡ ಹಾಯ್ದು ಬಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಎದುರು ನಿಂತಿತು. ಅರ್ಧ ಆಟ ಮುಗಿದಾಗ ವಾಷಿಂಗ್ಟನ್ 12, ಅಲಬಾಮಾ ಸೊನ್ನೆ. ಮೂರನೇ ಕಾಲುಭಾಗದಲ್ಲಿ ಅಲಬಾಮಾದ ಹುಡುಗರು ಮೂರು ಟಚ್‌ಡೌನ್ ಬಾರಿಸಿದರು. ಅದರಲ್ಲಿ ಎರಡು ಬ್ರೌನ್ ಹಿಡಿದ ಚೆಂಡುಗಳು. ಕೊನೆಗೆ 20-19ರಲ್ಲಿ ಗೆಲುವು! ಆ ಚೆಲುವ ಹಾಲಿವುಡ್ಡಿನ ಕಣ್ಣಿಗೆ ಬೀಳದೆ ಇರುತ್ತಾನೆಯೇ? ಕೆಲವೇ ವರ್ಷಗಳಲ್ಲಿ ಗ್ರೆಟಾ ಗಾರ್ಬೊ ಜತೆ, ಮೇರಿ ಪಿಕ್‌ಫರ್ಡ್ ಜತೆ ತೆರೆಯ ಮೇಲೆ ಬಂದ. ಆಮೇಲೆ ವರ್ಷಗಟ್ಟಲೆ ಕುದುರೆ ಏರಿ ಕೌಬಾಯ್ ಹೀರೋ ಆಗಿ ಮೆರೆದ.

ತಂಡ ಗೊತ್ತಿಲ್ಲ, ತಾರೀಖು ಗೊತ್ತು

ಈಗ ಪ್ರಯಾಣದ ಮಾತಿಗೆ ಬರೋಣ. ಕಷ್ಟ ಇರೋದು ಇಲ್ಲೇ. ಹಿಂದೆ ಎರಡು ಗೊತ್ತಾದ ಒಕ್ಕೂಟಗಳ ಚಾಂಪಿಯನ್‌ಗಳು ಇಲ್ಲಿ ಸೆಣಸುತ್ತಿದ್ದರು. ಆ ಪದ್ಧತಿ ಹೋಯಿತು. 2024ರಿಂದ 12 ತಂಡಗಳ ಪ್ಲೇಆಫ್ ಬಂದಿದೆ. 2025ರ ಜನವರಿ 1ರ ರೋಸ್ ಬೌಲ್ ಅದರ ಕ್ವಾರ್ಟರ್ ಫೈನಲ್ ಆಗಿತ್ತು. ಒಂದು ತಂಡ ಯಾವುದೆಂದು ತಿಳಿಯೋದು ಡಿಸೆಂಬರ್ ಮೊದಲಲ್ಲಿ. ಎದುರಾಳಿ ಯಾರೆಂದು ತಿಳಿಯೋಕೆ ಮೊದಲ ಸುತ್ತು ಮುಗಿಯಬೇಕು. ಅಷ್ಟರಲ್ಲಿ ಕ್ರಿಸ್‌ಮಸ್ ಬಂದಿರುತ್ತೆ, ವಿಮಾನದ ದರ ಆಕಾಶಕ್ಕೇರಿರುತ್ತೆ. ಗೆದ್ದರೆ ಮುಂದೆ ಸೆಮಿಫೈನಲ್ಲು, ಫೈನಲ್ಲು, ಅವೂ ಬೇರೆ ಬೇರೆ ಊರಲ್ಲಿ. ಆಟ ಮೂರು, ಕಿಸೆ ಒಂದೇ!

ಆದರೂ ಜನ ಸಾಲ ಮಾಡಿ ಬರ್ತಾರೆ. ಯಾಕೆ ಗೊತ್ತಾ? ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 1949ರಲ್ಲಿ ಇಲ್ಲಿ ಗೆದ್ದಿತು. ಮತ್ತೆ ಇಲ್ಲಿ ಆಡಿದ್ದು 1996ರಲ್ಲಿ. 47 ವರ್ಷ! 1949ರಲ್ಲಿ ಕಾಲೇಜಿನಲ್ಲಿದ್ದ ಹುಡುಗ ಅಷ್ಟೊತ್ತಿಗೆ ತಾತ. ಆ ಸಲ ತಂಡ ಸೋತಿತು, 41-32. 'ಮುಂದಿನ ವರ್ಷ ನೋಡಿದರಾಯ್ತು' ಅಂತ ಅಂಥ ಅಭಿಮಾನಿಗೆ ಹೇಳೋಕಾಗುತ್ತಾ?

ನಮಗೆ ನಿಮಗೆ ಆ ಸಂಕಟವಿಲ್ಲ. ಯಾವ ತಂಡವೂ ನಮ್ಮದಲ್ಲವಲ್ಲ! ಹಾಗಾಗಿ ಒಂದು ದೊಡ್ಡ ಅನುಕೂಲ: ತಂಡ ತಿಳಿಯುವವರೆಗೆ ಕಾಯಬೇಕಿಲ್ಲ. ತಾರೀಖು ಮೊದಲೇ ಗೊತ್ತು, ಜನವರಿ 1. ಭಾನುವಾರ ಬಿದ್ದರೆ ಮಾತ್ರ 2. ಚರ್ಚಿನ ಮುಂದೆ ಕಟ್ಟಿದ ಕುದುರೆಗಳು ಮೆರವಣಿಗೆಯ ಗಲಾಟೆಗೆ ಬೆದರಬಾರದು ಅಂತ 1893ರಲ್ಲಿ ಮಾಡಿಕೊಂಡ ಕಟ್ಟಳೆ. ಕುದುರೆ ಹೋಗಿ ಕಾರು ಬಂದರೂ ಕಟ್ಟಳೆ ಉಳಿದಿದೆ. 2023ರಲ್ಲಿ ಹಾಗಾಯಿತು, ಮುಂದೆ 2034ರಲ್ಲಿ ಆಗುತ್ತೆ.

ಹಾಗಾದರೆ ನಮ್ಮ ಯೋಜನೆ ಹೀಗಿರಲಿ: ವೀಸಾ ಮೊದಲು, ವಿಮಾನ ಆಮೇಲೆ, ಕೋಣೆ ಮೂರನೆಯದು, ಪಂದ್ಯದ ಟಿಕೆಟ್ ಕಟ್ಟಕಡೆಗೆ. ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಸರದಿ ಇರಬಹುದು, ಬೇಸಿಗೆಯಲ್ಲೇ ಅರ್ಜಿ ಹಾಕಿ. ಪ್ಯಾಸಡೀನಾದಲ್ಲೇ ಕೋಣೆ ಬೇಕೆಂದು ಹಟ ಬೇಡ. ವಿಮಾನ ನಿಲ್ದಾಣದಿಂದ ಯೂನಿಯನ್ ಸ್ಟೇಷನ್ನಿಗೆ ಬಸ್ಸಿದೆ, ಅಲ್ಲಿಂದ ಎ ಲೈನ್ ರೈಲು ನೇರ ಪ್ಯಾಸಡೀನಾಕ್ಕೆ. ಅಂದ ಹಾಗೆ 1982ರ 'ಬ್ಲೇಡ್ ರನ್ನರ್' ಚಿತ್ರದಲ್ಲಿ ಪೊಲೀಸ್ ಠಾಣೆಯಾಗಿದ್ದು ಇದೇ ಯೂನಿಯನ್ ಸ್ಟೇಷನ್. ಇಳಿದಾಗ ಒಮ್ಮೆ ತಲೆಯೆತ್ತಿ ನೋಡಿ!

ಕಾಸಿಲ್ಲದೆ ನೋಡುವ ಷೋ

ಟಿಕೆಟ್ ಯಾಕೆ ಕೊನೆಗೆ ಅಂದರೆ, ಆ ದಿನದ ಅರ್ಧ ಸೊಗಸು ಪುಕ್ಕಟೆ. 1890ರಿಂದ ನಡೆದು ಬಂದ ರೋಸ್ ಪೆರೇಡ್ ಬೆಳಿಗ್ಗೆ 8ಕ್ಕೆ ಹೊರಡುತ್ತೆ. ಸುಮಾರು 9 ಕಿಲೋಮೀಟರ್ ದಾರಿ. ಹೂತೇರುಗಳ ಮೈಯಲ್ಲಿ ಕಾಣುವ ಪ್ರತಿ ಅಂಗುಲವೂ ಹೂವು, ಎಲೆ, ಬೀಜ, ತೊಗಟೆಯಿಂದಲೇ ಮುಚ್ಚಿರಬೇಕು. ಮುಂದೆ ನಡೆಯುವ ಅತಿಥಿಗೆ ಗ್ರ್ಯಾಂಡ್ ಮಾರ್ಷಲ್ ಎಂಬ ಗೌರವ. 1939ರಲ್ಲಿ ಪುಟ್ಟ ಶರ್ಲಿ ಟೆಂಪಲ್, 1966ರಲ್ಲಿ ವಾಲ್ಟ್ ಡಿಸ್ನಿ, 1973ರಲ್ಲಿ ಜಾನ್ ವೇನ್ ಆ ಗಾಡಿ ಏರಿದ್ದರು. ಜಾನ್ ವೇನ್ ಕೂಡ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ!

ಕಟ್ಟಿಸಿದ ಆಸನಗಳಿಗೆ ದುಡ್ಡು ಕೊಡಬೇಕು, ರಸ್ತೆ ಬದಿಗೆ ಬೇಡ. ಡಿಸೆಂಬರ್ 31ರ ಮಧ್ಯಾಹ್ನದಿಂದಲೇ ಕೊಲರಾಡೋ ಬೊಲೆವಾರ್ಡ್ ಪಕ್ಕ ಜಾಗ ಹಿಡಿದು ರಾತ್ರಿ ಕಳೆಯಬಹುದು. ಡೇರೆ ಹಾಕುವಂತಿಲ್ಲ. ಚಳಿ ಕೊರೆಯುತ್ತೆ, ಕಂಬಳಿ ಮರೆಯಬೇಡಿ. ಇನ್ನೊಂದು ಕಿವಿಮಾತು: ಮೆರವಣಿಗೆ ಹೊರಡುವ ಪಶ್ಚಿಮದ ಕಡೆಗೇ, ಹಳೆ ಪ್ಯಾಸಡೀನಾ ಬಳಿ ಕುಳಿತುಕೊಳ್ಳಿ. ಪೆರೇಡ್ ನಿಮಗೆ ಬೇಗ ಮುಗಿಯುತ್ತೆ, ಅಲ್ಲಿಂದ ಮೈದಾನ ಸುಮಾರು 3 ಕಿ.ಮೀ. ನಡಿಗೆ. ಇಳಿಜಾರಿನಲ್ಲಿ ಜನರ ಹಿಂದೆಯೇ ನಡೆದರೆ ಸಾಕು.

ಟಿಕೆಟ್ ವಿಷಯ. ನಮ್ಮಲ್ಲಿ ಬ್ಲಾಕ್ ಅಂತ ಪಿಸುಗುಟ್ಟೋದು ಅಲ್ಲಿ ಬಹಿರಂಗ ವ್ಯಾಪಾರ. ಕೊಂಡವರು ಮತ್ತೆ ಮಾರುತ್ತಾರೆ. ತಂಡಗಳ ಹೆಸರು ಹೊರಬಿದ್ದಾಗ ಬೆಲೆ ಜಿಗಿಯುತ್ತೆ, ಒಂದು ಕಡೆಯವರ ಉತ್ಸಾಹ ಇಳಿದರೆ ಕೊನೆಯಲ್ಲಿ ಇಳಿಯೋದೂ ಉಂಟು. ಸಿಕ್ಕರೆ ದಕ್ಷಿಣ ತುದಿಯ ಸೀಟು ಹಿಡಿಯಿರಿ. ಸ್ಯಾನ್ ಗೇಬ್ರಿಯಲ್ ಪರ್ವತಸಾಲು ಎದುರಿಗೇ ಕಾಣುತ್ತೆ. ಪಾರದರ್ಶಕ ಚೀಲವೇ ಬೇಕು, ಬೇರೆ ಬ್ಯಾಗು ಒಳಗೆ ಬಿಡಲ್ಲ.

1961ರಲ್ಲಿ ಇದೇ ಊರಿನ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಮಾಡಿದ ತುಂಟಾಟ ಗೊತ್ತಾ? ವಾಷಿಂಗ್ಟನ್ ಅಭಿಮಾನಿಗಳು ಬಣ್ಣದ ಕಾರ್ಡು ಎತ್ತಿ ಚಿತ್ರ ಮೂಡಿಸಬೇಕಿತ್ತು. ಈ ಹುಡುಗರು ಸೂಚನೆಗಳನ್ನೇ ಗುಟ್ಟಾಗಿ ಬದಲಿಸಿಬಿಟ್ಟರು. ಕೋಟ್ಯಂತರ ಜನ ಟಿವಿ ನೋಡುತ್ತಿರುವಾಗ ಮೂಡಿದ ಹೆಸರು ಕ್ಯಾಲ್‌ಟೆಕ್! ಪಂದ್ಯಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ಟಿಕೆಟ್ ಸಿಗಲೇ ಇಲ್ಲ ಅಂದುಕೊಳ್ಳಿ. ಆಗಲೂ ನಷ್ಟವಿಲ್ಲ. ಹೂತೇರು ನೋಡಿದ್ದೀರಿ, ಬ್ಯಾಂಡು ಕೇಳಿದ್ದೀರಿ. ಎರಡು ಸಲ, 1942ರಲ್ಲಿ ಯುದ್ಧಕ್ಕೆ, 2021ರಲ್ಲಿ ಕೋವಿಡ್‌ಗೆ ಹೆದರಿ ಪಂದ್ಯವನ್ನೇ ಬೇರೆ ರಾಜ್ಯಕ್ಕೆ ಒಯ್ದರು. ಆಟ ಆಡಿದರು ನಿಜ, ಆದರೆ ಪ್ಯಾಸಡೀನಾದ ಬೀದಿಯಲ್ಲಿ ಆ ಎರಡು ವರ್ಷವೂ ತೇರು ಹೊರಡಲಿಲ್ಲ. ಅದಕ್ಕೇ ಹೇಳೋದು ಗೆಳೆಯರೇ, ತಂಡ ನೋಡಿ ಹೊರಡೋದು ಅಲ್ಲಿಯವರ ಪಾಡು. ನಾವು ಊರು ನೋಡಿ ಹೊರಡೋಣ. ಆಟ ಸಿಕ್ಕರೆ ಬೋನಸ್!