ಮೂರನೆಯ ಪರದೆ

ಮನೆಯಲ್ಲಿ ಒಂದು ವಸ್ತು ಕೆಟ್ಟು ನಿಂತಿತೆಂದರೆ, ಕೆಟ್ಟಿರುವುದೇನು ಎಂಬ ವಿಚಾರಕ್ಕಿಂತ ಮೊದಲು ಕೆಡಿಸಿದವರಾರು ಎಂಬ ವಿಚಾರಣೆ ನಡೆಯುವುದು ಗೃಹಸ್ಥರ ರೂಢಿ. ಈ ರೂಢಿಗೆ ನಾವೂ ಹೊರತಲ್ಲವೆಂಬುದು ಕಳೆದ ವರ್ಷ ನಮಗೆ ಚೆನ್ನಾಗಿ ಮನದಟ್ಟಾಯಿತು. ನಮ್ಮ ಅವಿವೇಕವನ್ನು ನಾವೇ ಹೇಳಿಕೊಳ್ಳುವುದು ಹಿತವಾದ ಕೆಲಸವಲ್ಲ. ಆದರೂ ವಾಚಕರಲ್ಲಿ ಯಾರಿಗಾದರೂ ಇದರಿಂದ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಸೊಸೆ ಬೆಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಹೆರಿಗೆಯ ರಜೆ ಮುಗಿಯಿತು. ನಮ್ಮ ಮಗನಾದರೋ ಉದ್ಯೋಗದ ನಿಮಿತ್ತ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವವನು. ಎಂಟು ತಿಂಗಳ ಕೂಸನ್ನು ಬಿಟ್ಟಿರಲಾರದೆ ಅವಳು ಮೈಸೂರಿನ ನಮ್ಮ ಮನೆಯಿಂದಲೇ ಕೆಲಸ ಮಾಡಲು ಅಪ್ಪಣೆ ಬೇಡಿದಳು. ಮೇಲಿನವರು ಒಂದು ತಿಂಗಳ ಮಟ್ಟಿಗೆ ಒಪ್ಪಿದರು. ಕೆಲಸ ಹಿಂದೆ ಬೀಳದಿದ್ದರೆ ಮುಂದುವರಿಸುವುದು, ಬಿದ್ದರೆ ಬೆಂಗಳೂರಿಗೆ ಮರಳುವುದು ಎಂಬ ಕರಾರು.

ಅವಳ ಕೆಲಸಕ್ಕೆ ಮೂರು ಪರದೆಗಳು ಬೇಕು: ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಖಾತೆ, ಮತ್ತೊಂದರಲ್ಲಿ ಪತ್ರವ್ಯವಹಾರ. ಲ್ಯಾಪ್‌ಟಾಪಿನದು ಒಂದು, ಎಚ್‌ಡಿಎಂಐ ಕೇಬಲಿನಿಂದ ಜೋಡಿಸಿದ ಮಾನಿಟರು ಎರಡನೆಯದು. ಮೂರನೆಯದಕ್ಕೆ ಕಿಂಡಿಯೇ ಇರಲಿಲ್ಲ. "ಯುಎಸ್‌ಬಿ ಕಿಂಡಿಯಿಂದ ಮಾನಿಟರಿಗೆ ಚಿತ್ರ ಕಳುಹಿಸುವ ಅಡಾಪ್ಟರು ಸಿಗುತ್ತದಂತೆ, ಮಾವ" ಎಂದಳು. "ಅದೆಷ್ಟರ ಕೆಲಸ, ನಾನು ತರುತ್ತೇನೆ" ಎಂದು ನಾವು ಕೊಡೆ ಹಿಡಿದು ಹೊರಟೆವು.

ಮೊದಲು ತಂದುದು ಯುಎಸ್‌ಬಿ-ಸಿ ಮೂತಿಯದು. ಮೂತಿ ಕಿಂಡಿಗೆ ಸರಿಯಾಗಿ ಕೂತಿತು; ಪರದೆ ಮಾತ್ರ ಕತ್ತಲೆಯಾಗಿಯೇ ಉಳಿಯಿತು. ೨೦೧೪ರಲ್ಲಿ ಹೊರಬಂದ ಈ ಕಿಂಡಿಗಳ ಆಕಾರವೆಲ್ಲ ಒಂದೇ ಆದರೂ ಗುಣ ಒಂದೇ ಅಲ್ಲ. ಕೆಲವು ಚಿತ್ರವನ್ನೂ ಸಾಗಿಸುತ್ತವೆ; ಕೆಲವು ವಿದ್ಯುತ್ತನ್ನೂ ಕಡತಗಳನ್ನೂ ಮಾತ್ರ ಸಾಗಿಸುತ್ತವೆ. ಇದನ್ನು ಕೊಳ್ಳುವ ಮೊದಲೇ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ನೋಡಬೇಕಾಗಿತ್ತು. ನಮ್ಮ ಕಿಂಡಿ ಎರಡನೆಯ ಜಾತಿಯದು.

ಅದನ್ನು ಬದಲಾಯಿಸಿ, ಹಳೆಯ ಚಪ್ಪಟೆ ಮೂತಿಯ ಇನ್ನೊಂದನ್ನು ತಂದೆವು. ಇದರೊಳಗೆ ತನ್ನದೇ ಆದ ಚಿಪ್ಪುಂಟು; ಆದರೆ ಅದಕ್ಕೆ ತಕ್ಕ ಡ್ರೈವರ್ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕದೆ ಅದು ಬಾಯಿ ಬಿಡುವುದಿಲ್ಲ. ಲ್ಯಾಪ್‌ಟಾಪು ಕಚೇರಿಯದಾದ್ದರಿಂದ ಅಲ್ಲಿಯವರ ಅನುಮತಿ ಬೇಕಾಗಿ ಎರಡು ದಿನ ಕಳೆಯಿತು. ಅಂತೂ ಚಿತ್ರ ಮೂಡಿತು. ಎರಡು ಪರದೆಗಳಲ್ಲಿ ಒಂದೇ ಚಿತ್ರ ಕಂಡಾಗ, ಸೊಸೆ ವಿಂಡೋಸ್ ಕೀಲಿಯನ್ನೂ 'ಪಿ' ಕೀಲಿಯನ್ನೂ ಒಟ್ಟಿಗೆ ಒತ್ತಿ, ಪರದೆಯನ್ನು ವಿಸ್ತರಿಸುವ ಆಯ್ಕೆಯನ್ನು ಆರಿಸಿದಳು. ತಂತಿಗಳು ಚೆಲ್ಲಾಪಿಲ್ಲಿಯಾಗಿರುವುದನ್ನು ಕಂಡು, ಮುದ್ರಣಯಂತ್ರಕ್ಕೆಂದು ಎಂದೋ ಕೊಂಡಿದ್ದ ಹಬ್ಬಿಗೆ ಎಲ್ಲವನ್ನೂ ಸೇರಿಸಿ, ಮೇಜನ್ನು ಓರಣಗೊಳಿಸಿದ ಕೀರ್ತಿ ನಮ್ಮದು.

ಮರುದಿನದಿಂದ ಕಾಟ ಆರಂಭವಾಯಿತು. ಬಾಣದ ಗುರುತು ತಡವರಿಸುವುದು. ಪುಟ ಸರಿಸಿದರೆ ಅಕ್ಷರಗಳು ಹಿಂದುಳಿಯುವುದು. ಒಮ್ಮೊಮ್ಮೆ ಪರದೆಯೇ ಕಪ್ಪಾಗಿ ಮತ್ತೆ ಬೆಳಗುವುದು. ಕೆಲಸ ಹಿಂದೆ ಬಿತ್ತು. ಐದನೆಯ ದಿನ ವಿಳಂಬದ ಕಾರಣ ಕೇಳಿ ಕಚೇರಿಯಿಂದ ಪತ್ರ ಬಂದಿತು. ಸೊಸೆ ಏನೂ ಹೇಳಲಿಲ್ಲ. ಸಂಜೆ ನಮ್ಮಾಕೆ, "ಮಗುವಿನ ಬಟ್ಟೆಗಳನ್ನು ಈಗಲೇ ಕಟ್ಟಿಡಲೇ, ಅಥವಾ ಇನ್ನೂ ನಾಲ್ಕು ದಿನ ನೋಡೋಣವೇ?" ಎಂದು ಕೇಳಿದಳು.

ಆ ಮಾತಿನ ಸಂಕಟವನ್ನೆಲ್ಲ ಹೊತ್ತುಕೊಂಡು ಹೋಗಿ ಅಂಗಡಿಯ ಹುಡುಗನ ಮೇಲೆ ಸುರಿದೆವು. ಕಳಪೆ ಸರಕೆಂದೆವು, ಮೋಸವೆಂದೆವು. ಅವನು ಏನನ್ನೋ ಕೇಳಲು ಎರಡು ಸಲ ಬಾಯಿ ತೆರೆದನು. ನಾವು ಅವಕಾಶ ಕೊಡಲಿಲ್ಲ.

ಮನೆಗೆ ಬಂದಾಗ ಸೊಸೆ ಎಲ್ಲ ತಂತಿಗಳನ್ನೂ ಕಳಚಿ ನೆಲದ ಮೇಲೆ ಹರಡಿದ್ದಳು. ಒಂದನ್ನು ಮಾತ್ರ ಬದಲಿಸುವಳು, ನೋಡುವಳು, ಕಾಗದದಲ್ಲಿ ಗುರುತು ಹಾಕುವಳು. ಮಾನಿಟರನ್ನು ನೇರವಾಗಿ ಎಚ್‌ಡಿಎಂಐಗೆ ಸಿಕ್ಕಿಸಿದಳು: ಮಾನಿಟರು ಸರಿ, ಕೇಬಲೂ ಸರಿ. ಅಡಾಪ್ಟರನ್ನು ಹಬ್ಬಿನಿಂದ ಬಿಡಿಸಿ ಲ್ಯಾಪ್‌ಟಾಪಿನ ಒಳಗೆ ನೀಲಿ ಬಣ್ಣವಿದ್ದ ಕಿಂಡಿಗೆ ಸಿಕ್ಕಿಸಿದಳು. ಚಿತ್ರ ನಿಶ್ಚಲವಾಗಿ ನಿಂತಿತು. ಬಾಣ ನೀರಿನಂತೆ ಓಡಿತು. "ಮಾವ, ಹಬ್ಬು ಯುಎಸ್‌ಬಿ ಎರಡರದು" ಎಂದಳು, ಅಷ್ಟೇ.

ಆಮೇಲೆ ಅವಳು ವಿವರಿಸಿದ ಲೆಕ್ಕ ಹೀಗಿದೆ. ಪರದೆಯ ಮೇಲೆ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣಕ್ಕೆ ೨೪ ಬಿಟ್‌ಗಳು. ಸೆಕೆಂಡಿಗೆ ೬೦ ಚಿತ್ರಗಳು. ಒಟ್ಟು ಸೆಕೆಂಡಿಗೆ ಸುಮಾರು ೩೦೦ ಕೋಟಿ ಬಿಟ್‌ಗಳಾದವು. ೨೦೦೦ದಲ್ಲಿ ಬಂದ ಯುಎಸ್‌ಬಿ ೨ರ ಗರಿಷ್ಠ ವೇಗ ೪೮ ಕೋಟಿ. ೨೦೦೮ರ ಯುಎಸ್‌ಬಿ ೩ರದು ೫೦೦ ಕೋಟಿ. ದಪ್ಪ ಹಾಸಿಗೆಯನ್ನು ಸುರುಳಿ ಸುತ್ತಿ ಕಿರುಬಾಗಿಲಿನಲ್ಲಿ ನುಗ್ಗಿಸುವಂತೆ ಡ್ರೈವರು ಚಿತ್ರವನ್ನು ಅದುಮಿ ಕಳುಹಿಸುತ್ತದೆ. ಆದುದರಿಂದ ನಿಂತ ಪುಟ ಹೇಗೋ ದಾಟುತ್ತದೆ, ಓಡುವ ಪುಟ ಸಿಕ್ಕಿಕೊಳ್ಳುತ್ತದೆ. ಮೇಲಾಗಿ ಯುಎಸ್‌ಬಿ ೨ರ ಕಿಂಡಿ ಕೊಡುವ ವಿದ್ಯುತ್ತು ೫೦೦ ಮಿಲಿಆಂಪಿಯರು, ೩ರದು ೯೦೦. ನಮ್ಮ ಹಬ್ಬಿನಲ್ಲಿ ಆ ಸ್ವಲ್ಪವನ್ನೇ ಅಡಾಪ್ಟರೂ ಹೊರಗಿನ ಡಿಸ್ಕೂ ಹಂಚಿಕೊಳ್ಳುತ್ತಿದ್ದವು. ನೀಲಿ ಬಣ್ಣವನ್ನು ಎಲ್ಲ ತಯಾರಕರೂ ಪಾಲಿಸುವುದಿಲ್ಲವೆಂದೂ ಸೊಸೆ ಎಚ್ಚರಿಸಿದಳು. ಮೂತಿಯನ್ನು ಪೂರ್ತಿ ಒತ್ತಿ ಕೂರಿಸುವುದೂ ಅವಶ್ಯ. ಯುಎಸ್‌ಬಿ ೩ಕ್ಕೆಂದು ಹೆಚ್ಚಾಗಿ ಸೇರಿದ ಐದು ಸ್ಪರ್ಶಬಿಂದುಗಳು ಹಿಂದಿನ ಸಾಲಿನಲ್ಲಿವೆ.

ಕೆಡಿಸಿದವರಾರು ಎಂಬ ವಿಚಾರಣೆಯೂ ಹೀಗೆ ತಾನಾಗಿಯೇ ಮುಗಿಯಿತು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ, "ತಪ್ಪು ನಮ್ಮದಪ್ಪ, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದೆವು. ಹುಡುಗ ನಕ್ಕು, "ಯಾವ ಪೋರ್ಟಿಗೆ ಹಾಕಿದ್ದೀರಿ ಅಂತ ಕೇಳೋಣ ಅಂದುಕೊಂಡೆ ಸಾರ್, ನೀವು ಬಿಡಲಿಲ್ಲ" ಎಂದನು. ಆ ಒಂದು ಪ್ರಶ್ನೆಗೆ ಕಿವಿಗೊಟ್ಟಿದ್ದರೆ ಉತ್ತರ ಅಲ್ಲಿಯೇ ದೊರೆಯುತ್ತಿತ್ತು.

ಸೊಸೆ ಎರಡು ರಾತ್ರಿ ಎಚ್ಚರವಿದ್ದು ಉಳಿದ ಕೆಲಸ ತೀರಿಸಿದಳು. ತಿಂಗಳ ಕೊನೆಗೆ ಕಚೇರಿಯವರು ಅಪ್ಪಣೆಯನ್ನು ಮುಂದುವರಿಸಿದರು. ಮಗುವಿನ ಬಟ್ಟೆಗಳು ಬೀರುವಿನಲ್ಲಿಯೇ ಉಳಿದವು. ಕೂಸು ಈಗ ನಡೆಯುತ್ತದೆ; ಮೇಜಿನ ಕೆಳಗೆ ನುಗ್ಗಿ ತಂತಿ ಎಳೆಯುತ್ತದೆ. ಪರದೆ ಕಪ್ಪಾದರೆ ನಾವು ಈಗ ಯಾರನ್ನೂ ಗದರಿಸುವುದಿಲ್ಲ. ಬಗ್ಗಿ ಮೊದಲು ಕಿಂಡಿಯನ್ನು ನೋಡುತ್ತೇವೆ.